ಬಾಯಿಗಿಡದ ಪೈಪು

ಬೆಳಗಿನ ಸಂಧ್ಯಾವಂದನೆಗೆ ಕುಳಿತು, ಆಚಮನಕ್ಕೆಂದು ಅಂಗೈಯ ನೀರನ್ನು ತುಟಿಗೆ ತರುವಾಗ ಇಂದಿಗೂ ನನಗೆ ಮಸಿಯ ರುಚಿ ನೆನಪಾಗುತ್ತದೆ. ಅದು ಡೀಸೆಲ್ ಹೊಗೆಯ ಮಸಿ. ಅದನ್ನು ನಾನು ಬಾಯಲ್ಲಿ ಸವಿದದ್ದು ತೀರ ತಡವಾಗಿ. ಸಕಾಲದಲ್ಲಿ ಸವಿದಿದ್ದರೆ ಈ ಬರಹವನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ತಿಪಟೂರಿನ ಗ್ಯಾರೇಜೊಂದರಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು, ಈಗ ಉಗುರಿನ ಸಂದಿಯ ಗ್ರೀಸು ಮಾಯವಾದ ದಿನಗಳನ್ನು ಕಾಣುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಓದಲೆಂದು ಇದನ್ನು ಬರೆಯಲು ಕುಳಿತೆ. ಎಂಜಿನ್ ಬಿಚ್ಚಿ ಜೋಡಿಸುವುದನ್ನು ನಿಮಗೆ ನನಗಿಂತ ಚೆನ್ನಾಗಿ ಕಲಿಸುವವರಿದ್ದಾರೆ. ಕೊಡಲು ನನ್ನಲ್ಲಿ ಉಳಿದಿರುವುದು ಹೆಚ್ಚಾಗಿ ನಾಚಿಕೆಯೇ. ಅದನ್ನೇ ಕೊಡುತ್ತಿದ್ದೇನೆ, ದಯವಿಟ್ಟು ತೆಗೆದುಕೊಳ್ಳಿ.

ನಮ್ಮದು ತುರುವೇಕೆರೆ ಸೀಮೆಯ ಪುರೋಹಿತರ ಮನೆ. ಬಾಲ್ಯದಲ್ಲಿ ನಾನು ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯವನ್ನೂ ಸ್ವಲ್ಪಮಟ್ಟಿಗೆ ತರ್ಕವನ್ನೂ ಓದಿದೆ. ತರ್ಕದ ಮೊದಲ ಪಾಠವೇ ಹೊಗೆಯದು. ದೂರದ ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು ಎಂದು ಗುರುಗಳು ಹೇಳಿಕೊಟ್ಟಿದ್ದರು. ಪೌರೋಹಿತ್ಯ ಅಣ್ಣನ ಪಾಲಿಗೆ ಹೋಯಿತು, ನಾನು ಐಟಿಐ ಸೇರಿದೆ. ಹೀಗೆ ಬೆಟ್ಟದ ಹೊಗೆಯನ್ನು ಬಿಟ್ಟು ಸೈಲೆನ್ಸರಿನ ಹೊಗೆಯ ಹಿಂದೆ ಬಂದವನು ನಾನು. ಜುಟ್ಟು, ಜನಿವಾರ, ಏಕಾದಶಿಯ ಉಪವಾಸ ಯಾವುದನ್ನೂ ಬಿಡಲಿಲ್ಲ. ಗ್ಯಾರೇಜಿನ ನೀರನ್ನು ಕುಡಿಯುತ್ತಿರಲಿಲ್ಲ, ಮನೆಯಿಂದ ತಾಮ್ರದ ಚೊಂಬಿನಲ್ಲಿ ಒಯ್ಯುತ್ತಿದ್ದೆ. ಊರಿನವರು ನನ್ನ ಹೆಸರನ್ನು ಮರೆತು 'ಮೆಕ್ಯಾನಿಕ್ ಶಾಸ್ತ್ರಿಗಳು' ಎಂದರು. ಆ ಹೆಸರು ನನಗೆ ಪ್ರಿಯವಾಗಿತ್ತು. ಎಷ್ಟು ಪ್ರಿಯವಾಗಿತ್ತು ಎಂಬುದನ್ನು ನೆನೆದರೆ ಈಗ ತಲೆ ತಗ್ಗುತ್ತದೆ.

ಗ್ಯಾರೇಜು ಖಾದರ್ ಸಾಬರದು. ಅವರೇ ನನಗೆ ಯಜಮಾನರು, ಅವರೇ ಗುರುಗಳು. ಹಳೆಯ ಡೀಸೆಲ್ ಎಂಜಿನ್ನುಗಳನ್ನು ಅವರು ಬಾನೆಟ್ ತೆರೆಯದೆ, ಬಾಗಿಲಿನಲ್ಲಿ ನಿಂತು ಸದ್ದು ಕೇಳಿಯೇ ತಿಳಿಯುತ್ತಿದ್ದರು. ಆಮೇಲೆ ಹೊಸ ಬಗೆಯ ಎಂಜಿನ್ನುಗಳು ಬಂದವು. ಅವುಗಳೊಡನೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್ ಬಂತು, ಗ್ಯಾರೇಜಿನ ಬಾಯಲ್ಲಿ ಅದು ಇಜಿಆರ್ ಆಯಿತು. ತಿಳಿಯದವರಿಗಾಗಿ ಎರಡು ಮಾತು ಹೇಳುತ್ತೇನೆ. ಎಂಜಿನ್ ಹೊರಗೆ ಬಿಡುವ ಹೊಗೆಯಲ್ಲಿ ಒಂದು ಪಾಲನ್ನು ಹಿಂದಕ್ಕೆ ತಂದು, ಅದು ಎಳೆದುಕೊಳ್ಳುವ ಗಾಳಿಯೊಡನೆ ಬೆರೆಸುತ್ತಾರೆ. ಇದರಿಂದ ಒಳಗಿನ ಉರಿಯ ತಾಪ ತಗ್ಗಿ, ಕಣ್ಣಿಗೆ ಕಾಣದ ವಿಷಗಾಳಿ ಕಡಿಮೆಯಾಗುತ್ತದೆ. ಎಷ್ಟು ಹೊಗೆ ಯಾವಾಗ ಒಳಹೋಗಬೇಕೆಂಬುದನ್ನು ಒಂದು ವಾಲ್ವ್ ನೋಡಿಕೊಳ್ಳುತ್ತದೆ. ಅದು ಮಸಿ ಕಟ್ಟಿ ತೆರೆದಂತೆಯೇ ಸಿಕ್ಕಿಕೊಂಡರೆ ಎಂಜಿನ್ನಿಗೆ ಒಳ್ಳೆಯ ಗಾಳಿ ಸಾಲದು. ಆಗ ಗಾಡಿ ಕಪ್ಪು ಹೊಗೆ ಉಗುಳುತ್ತದೆ, ಏರಿನಲ್ಲಿ ಎಳೆಯುವುದಿಲ್ಲ.

ಅನೇಕ ಗ್ಯಾರೇಜುಗಳಲ್ಲಿ ಆ ದಾರಿಗೆ ಒಂದು ತಗಡಿನ ತುಂಡನ್ನಿಟ್ಟು ಶಾಶ್ವತವಾಗಿ ಮುಚ್ಚಿಬಿಡುತ್ತಿದ್ದರು. ಖಾದರ್ ಸಾಬರು ಅದಕ್ಕೆ ಒಪ್ಪುತ್ತಿರಲಿಲ್ಲ. "ಮೂಗು ಸೋರ್ತದೆ ಅಂತ ಮೂಗು ಹೊಲಿದುಬಿಡ್ತಾರಾ? ಯಾಕೆ ಸೋರ್ತದೆ ನೋಡಿ" ಎನ್ನುತ್ತಿದ್ದರು. ಆದ್ದರಿಂದ ನಮ್ಮಲ್ಲಿ ಪರೀಕ್ಷೆ ಅನಿವಾರ್ಯವಾಗಿತ್ತು.

ಆ ಕಾಲದ ವಾಲ್ವಿನ ತಲೆಯ ಮೇಲೆ ಕೊಡೆಯಾಕಾರದ ಒಂದು ಡಬ್ಬಿ, ಅದರೊಳಗೆ ರಬ್ಬರಿನ ಪೊರೆ. ಡಬ್ಬಿಗೆ ಸೇರಿದ ಸಣ್ಣ ಪೈಪಿನಿಂದ ಗಾಳಿ ಹೀರಿದರೆ ಪೊರೆ ಮೇಲೆದ್ದು ವಾಲ್ವ್ ತೆರೆಯುತ್ತದೆ, ಬಿಟ್ಟರೆ ಒಳಗಿನ ಸ್ಪ್ರಿಂಗು ಟಕ್ಕೆಂದು ಮುಚ್ಚುತ್ತದೆ. ಇದಕ್ಕೆಂದೇ ಕೈಪಂಪುಗಳಿವೆ. ನಮ್ಮಲ್ಲಿ ಇರಲಿಲ್ಲ. ಪೈಪನ್ನು ಬಾಯಿಗಿಟ್ಟು ಹೀರಿ, ಅದರ ತುದಿಗೆ ನಾಲಗೆಯನ್ನು ಒತ್ತಬೇಕು. ನಾಲಗೆ ಅಂಟಿಕೊಂಡೇ ಇದ್ದರೆ ಪೊರೆ ಹರಿದಿಲ್ಲ. ಬಿಟ್ಟೊಡನೆ ಟಕ್ಕೆಂದರೆ ವಾಲ್ವ್ ಸಿಕ್ಕಿಕೊಂಡಿಲ್ಲ. ಪರೀಕ್ಷೆ ಇಷ್ಟೇ, ಒಂದು ಉಸಿರಿನ ಕೆಲಸ.

ಆ ಒಂದು ಉಸಿರು ನನ್ನಿಂದ ಆಗುತ್ತಿರಲಿಲ್ಲ. ಯಾರ ಯಾರ ಬಾಯಿಗೆ ಹೋಗಿಬಂದ ಪೈಪೋ, ಎಷ್ಟು ಜನರ ಎಂಜಲೋ ಎಂದು ನಾನು ಹಿಂಜರಿಯುತ್ತಿದ್ದೆ. ಖಾದರ್ ಸಾಬರು ಮೊದಲ ದಿನವೇ ಅದನ್ನು ಗಮನಿಸಿ ನಕ್ಕರು.

"ನೀವು ಬಿಡಿ ಶಾಸ್ತ್ರಿಗಳೇ. ನಿಮ್ಮ ಬಾಯಿ ಮಂತ್ರಕ್ಕಿರ್ಲಿ, ಪೈಪಿಗೆ ನಂದು ಸಾಕು."

ಅಂದಿನಿಂದ ನನ್ನ ಪಾಲಿನ ಗಾಡಿಗಳಿಗೂ ಅವರೇ ಬಂದು ಹೀರಿ ನೋಡುತ್ತಿದ್ದರು. ರಂಜಾನ್ ಉಪವಾಸದಲ್ಲಿಯೂ ಹೀರಿ, ಹೊರಗೆ ಉಗಿದು, "ಗಾಳಿ ಒಳಕ್ಕೆ ಹೋಗ್ಲಿಲ್ಲ, ಮೇಲಿನೋನಿಗೆ ಗೊತ್ತು" ಎಂದು ಬಾಯಿ ಒರೆಸಿಕೊಳ್ಳುತ್ತಿದ್ದರು. ನನ್ನ ಮಡಿ ಇನ್ನೊಬ್ಬರ ವ್ರತದ ಮೇಲೆ ನಿಂತಿದೆಯೆಂಬುದು ಎದುರಿಗೇ ಇದ್ದರೂ ನನಗೆ ಕಾಣಲಿಲ್ಲ.

ಮುಂದೆ ಅವರಿಗೆ ಮಂಡಿನೋವು ಹೆಚ್ಚಿತು. ಗ್ಯಾರೇಜನ್ನು ನನಗೊಪ್ಪಿಸಿ ಮನೆಯಲ್ಲುಳಿದರು. ಪೈಪು ಹೀರುವವರು ಯಾರೂ ಇಲ್ಲವಾದರು. ಆಗ ನಾನು ಏನು ಮಾಡಿದೆನೆಂದರೆ, ಪರೀಕ್ಷೆಯನ್ನೇ ಕೈಬಿಟ್ಟು ಊಹೆಯನ್ನು ಹಿಡಿದೆ. ಪಾಠಶಾಲೆಯಲ್ಲಿ ಕಲಿತದ್ದು ಅದನ್ನೇ ತಾನೆ? ಹೆಚ್ಚಿನ ಊಹೆಗಳು ಸರಿಹೋಗುತ್ತಿದ್ದವು. ಸರಿಹೋಗದವನ್ನು ಜನ ನಗುತ್ತ ಸಹಿಸುತ್ತಿದ್ದರು. ಒಮ್ಮೆ ತೋಟದೊಳಗೇ ನಿಲ್ಲುತ್ತಿದ್ದ ಕಾರೊಂದಕ್ಕೆ ವಾಲ್ವ್ ಹೋಗಿದೆಯೆಂದು ಹೇಳಿ ಹೊಸದನ್ನು ಹಾಕಿಸಿದೆ. ರೋಗ ಹಾಗೆಯೇ ಉಳಿಯಿತು. ಕೊನೆಗೆ ಆ ಮನೆಯ ಹೆಂಗಸೇ ಬಾನೆಟ್ಟಿನ ಮೂಲೆಯಲ್ಲಿ ತೆಂಗಿನ ನಾರಿನ ಗೂಡನ್ನು ಕಂಡರು. ಇಲಿಯೊಂದು ಅಲ್ಲಿ ಸಂಸಾರ ಹೂಡಿ ಪೈಪನ್ನು ಕಡಿದುಹಾಕಿತ್ತು. "ಇಲಿ ಮಾಡಿದ್ ಕೆಲ್ಸಕ್ಕೆ ಎಂಜಿನ್ನಿಗೆ ಶಾಂತಿ ಮಾಡ್ಸಿದ್ರಲ್ಲ ಶಾಸ್ತ್ರಿಗಳೇ!" ಎಂದು ಅವರು ನಕ್ಕಾಗ ನಾನೂ ನಕ್ಕೆ. ಪೈಪನ್ನು ಕೈಗೆತ್ತಿಕೊಂಡು ಹೀರಿದ್ದರೆ ಆಗಲೇ ತಿಳಿಯುತ್ತಿತ್ತು. ನಕ್ಕು ಮರೆತೆ.

ಮರೆಯಲಾಗದ್ದು ಕರಿಯಣ್ಣನ ಪ್ರಸಂಗ.

ಅರಳಗುಪ್ಪೆಯ ಹತ್ತಿರ ತೋಟವಿರುವ ರಂಗೇಗೌಡರು ನಮ್ಮ ಹಳೆಯ ಗಿರಾಕಿಗಳು. ಮನೆಯ ಪೂಜೆಗಳಿಗೆ ನನ್ನನ್ನು ಕರೆದು ಸ್ತೋತ್ರ ಹೇಳಿಸುತ್ತಿದ್ದ ದೈವಭಕ್ತರು. ಏಳು ಜನ ಕೂರುವ ಅವರ ಡೀಸೆಲ್ ಗಾಡಿಯನ್ನು ಓಡಿಸುತ್ತಿದ್ದವನು ಹುಳಿಯಾರು ಕಡೆಯ ಕರಿಯಣ್ಣ. ಮಿತಭಾಷಿ. ಗಾಡಿಯನ್ನು ತೊಳೆಯುವಾಗ ಚಕ್ರದ ಒಳಮೈಯನ್ನೂ ಉಜ್ಜುವ ಮನುಷ್ಯ. ಗೌಡರ ಈ ಗಾಡಿ ಇದ್ದಕ್ಕಿದ್ದಂತೆ ಏರಿನಲ್ಲಿ ಕಪ್ಪು ಹೊಗೆ ಬಿಡತೊಡಗಿತು, ಡೀಸೆಲ್ ಹೆಚ್ಚು ಕುಡಿಯತೊಡಗಿತು. ಕರಿಯಣ್ಣ ಒಳ್ಳೆಯ ಡೀಸೆಲ್ ಮಾರಿಕೊಂಡು, ರಸ್ತೆ ಬದಿಯ ಡ್ರಮ್ಮುಗಳ ಕಲಬೆರಕೆಯನ್ನು ತುಂಬಿಸುತ್ತಿದ್ದಾನೆಂದು ಗೌಡರಿಗೆ ಯಾರೋ ಹೇಳಿದರು. ಅವರು ಗಾಡಿಯನ್ನು ನನ್ನಲ್ಲಿಗೆ ಕಳಿಸಿದರು.

ಕರಿಯಣ್ಣ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆಯೇ ಇಳಿದು ಬಂದ.

"ಐನೋರೆ, ತಣ್ಣಗಿದ್ದಾಗ ಇದ್ಕೇನೂ ಇಲ್ಲ. ಏರು ಹತ್ತಿ ಕಾದ್ಮೇಲೆ ಕೆಡೋದು. ಈಗ ಬಿಸಿ ಐತೆ, ಈಗ್ಲೇ ನೋಡ್ಬುಡಿ."

"ಇರಪ್ಪ, ಆರಲಿ. ಬಿಸಿಯಲ್ಲಿ ಕೈಯಿಡಲು ಆಗುತ್ತದೆಯೇ?"

"ಆರುದ್ರೆ ಸಿಕ್ಕಾಕಿಲ್ಲ ಕಣ್ರೀ. ಆ ಸಾಬ್ರು ಪೈಪ್ ಕಿತ್ತು ಬಾಯಾಗೆ ಎಳೀತಿದ್ರಲ್ಲ, ಹಂಗೊಂದ್ ಕಿತ ನೋಡಿ. ನನ್ ಅನ್ನದ ಪ್ರಶ್ನೆ ಐನೋರೆ."

ಅವನು ಕೇಳಿದ್ದು ಇಷ್ಟೇ. ಅಂದು ಏಕಾದಶಿ. ನಾನು ಪೈಪಿನ ಕಡೆ ನೋಡಿದೆ, ತುದಿಯಲ್ಲಿ ಎಣ್ಣೆಯ ಜಿಡ್ಡಿತ್ತು. "ಅದೆಲ್ಲ ನನಗೆ ಗೊತ್ತಿದೆಯಪ್ಪ" ಎಂದೆ. ಎಂಜಿನ್ ಆರಿದ ಮೇಲೆ ವಾಲ್ವಿನ ಮೇಲೆ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿದೆ. ಮುಚ್ಚಿಕೊಂಡೇ ಇತ್ತು. ಏರ್ ಫಿಲ್ಟರ್ ಚೆನ್ನಾಗಿತ್ತು, ಇಂಜೆಕ್ಟರುಗಳೂ ಚೆನ್ನಾಗಿದ್ದವು. ಉಳಿದದ್ದು ಡೀಸೆಲ್. ಹೊಗೆಯಿದೆ, ಯಂತ್ರದಲ್ಲಿ ಕಾರಣವಿಲ್ಲ, ಆದ್ದರಿಂದ ಕಾರಣ ಇಂಧನದಲ್ಲಿದೆ. ತರ್ಕ ಲೋಪವಿಲ್ಲದೆ ಕೂಡಿಬಂತೆಂದು ನನಗೆ ಸಮಾಧಾನವೇ ಆಯಿತು.

ಮರುದಿನ ಗಾಡಿಯೊಡನೆ ಗೌಡರ ತೋಟದ ಮನೆಗೆ ಹೋದೆ. ಅಂದು ಅಟ್ಟದ ಮೇಲಿನ ತೆಂಗಿನಕಾಯಿಗಳನ್ನು ಇಳಿಸಿದ್ದರು. ನಮ್ಮ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆಸಹಿತ ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪನ್ನು ಬಿಟ್ಟ ಮೇಲೆಯೇ ಸುಲಿಯುವುದು. ಅಂಗಳದ ತುಂಬ ಸುಲಿಯುವವರು, ಒಡೆಯುವವರು. ಗೌಡರು ಒಂದೊಂದೇ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಗುಂಡು ಉರುಳುವ ಸದ್ದು ಬಂದರೆ ಇತ್ತ, ಬಾರದಿದ್ದರೆ ಅತ್ತ ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದು, ಎಲ್ಲರೆದುರು ಕೇಳಿದರು.

"ಹೇಳಿ ಶಾಸ್ತ್ರಿಗಳೇ, ತಪ್ಪು ಗಾಡೀದೋ, ಇವನ್ದೋ?"

ಕರಿಯಣ್ಣ ಗಾಡಿಯ ಬಾಗಿಲು ಹಿಡಿದು ನಿಂತಿದ್ದ.

"ಯಂತ್ರದಲ್ಲಿ ದೋಷ ಕಾಣಲಿಲ್ಲ. ದೋಷ ಇಂಧನದಲ್ಲಿರಬೇಕು" ಎಂದೆ.

ಗೌಡರು ಅಂಗಳದತ್ತ ತಿರುಗಿದರು. "ಕೇಳುದ್ರೇನ್ರಪ್ಪ? ನಿತ್ಯ ದೇವ್ರ್ ಮುಟ್ಟೋರು ಹೇಳ್ತಾವ್ರೆ. ಇನ್ನೇನ್ ಬೇಕು?" ಎಂದರು.

ಕರಿಯಣ್ಣ ವಾದಿಸಲಿಲ್ಲ. ಗಾಡಿಯ ಬೀಗದಕೈಯನ್ನು ಜಗಲಿಯ ಮೇಲಿಟ್ಟು, ನನ್ನನ್ನೊಮ್ಮೆ ನೋಡಿ, ತೋಟದ ದಾರಿ ಹಿಡಿದ. ಡೀಸೆಲ್ ಕದ್ದವನೆಂಬ ಹೆಸರು ಬಿದ್ದವನಿಗೆ ಸುತ್ತಿನ ತಾಲ್ಲೂಕುಗಳಲ್ಲಿ ಯಾರು ಸ್ಟೀರಿಂಗ್ ಕೊಡುತ್ತಾರೆ?

ಮಳೆಗಾಲ ಕಳೆದ ಮೇಲೆ ಅದೇ ಗಾಡಿ ಮತ್ತೆ ಬಂತು. ಗೌಡರೇ ಇಳಿದರು. "ಹೊಸ ಡ್ರೈವರು, ಬಂಕೂ ಬದಲಾಯ್ಸಿದೀನಿ. ಹೊಗೆ ಮಾತ್ರ ಅದೇ ಶಾಸ್ತ್ರಿಗಳೇ!" ಎಂದು ಹೇಳಿ, ಗಾಡಿಯನ್ನು ಬಿಟ್ಟು ಪೇಟೆಗೆ ಹೋದರು. ಏರು ಹತ್ತಿ ಬಂದ ಎಂಜಿನ್ ಬೆಂಕಿಯಂತೆ ಕಾದಿತ್ತು. ಊಟದ ಹೊತ್ತಾದ್ದರಿಂದ ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಪೈಪನ್ನು ಕಿತ್ತೆ. ಒರೆಸಲೂ ತೋಚದೆ ಬಾಯಿಗಿಟ್ಟು ಹೀರಿದೆ, ಮಸಿಯ ರುಚಿ ನಾಲಗೆಗೆ ಹತ್ತಿತು. ನಾಲಗೆ ಅಂಟಿಕೊಂಡಿತು. ಬಿಟ್ಟೆ. ಟಕ್ಕೆನ್ನಲಿಲ್ಲ. ಮತ್ತೆ ಹೀರಿ ಬಿಟ್ಟೆ. ಸದ್ದಿಲ್ಲ. ಬಟ್ಟೆ ಹಿಡಿದು ವಾಲ್ವನ್ನು ಬಿಚ್ಚಿ ನೋಡಿದೆ. ಅದರ ಕಡ್ಡಿಗೆ ಮಸಿ ಗಟ್ಟಿಯಾಗಿ ಮೆತ್ತಿ, ಅರ್ಧ ತೆರೆದಂತೆಯೇ ಹಿಡಿದುಕೊಂಡಿತ್ತು. ಮೇಜಿನ ಮೇಲಿಟ್ಟು ನೋಡುತ್ತ ಕುಳಿತೆ. ಆರುತ್ತ ಆರುತ್ತ, ಯಾರೂ ಮುಟ್ಟದೆ, ತಾನಾಗಿಯೇ ಟಕ್ಕೆಂದು ಮುಚ್ಚಿಕೊಂಡಿತು.

ಆ ಸದ್ದಿನಷ್ಟು ಸ್ಪಷ್ಟವಾಗಿ ನನ್ನನ್ನು ಯಾರೂ ಬೈದಿಲ್ಲ.

ಗೌಡರು ಹಿಂದಿರುಗಿದಾಗ ನಡೆದುದನ್ನು ಹೇಳಿದೆ. ಅವರು ವಾಲ್ವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಗಾಡಿ ಸರಿಹೋಯ್ತದಲ್ಲ, ಬುಡಿ. ಹೋದೋನು ಹೋದ. ಈಗ ಅವನ್ನ ಕರ್ದು ಏನಂತ ಹೇಳಾನ? ನಿಮ್ ಮಾತೂ ಹಗುರಾಯ್ತದೆ, ನಂದೂ ಹಗುರಾಯ್ತದೆ" ಎಂದರು. ಅವರು ಹಾಗೆಂದಾಗ ನನ್ನ ಮನಸ್ಸಿನ ಒಂದು ಮೂಲೆಗೆ ಹಿತವಾಯಿತೆಂಬುದನ್ನೂ ಇಲ್ಲಿ ಬರೆಯಬೇಕು.

ಅಂದು ಸಂಜೆ ಖಾದರ್ ಸಾಬರ ಮನೆಗೆ ಹೋದೆ. ಅವರು ಮಂಚದ ಮೇಲೆ ಕುಳಿತು ಎಲ್ಲವನ್ನೂ ಕೇಳಿದರು.

"ನನ್ನ ಕರೀಬಾರ್ದಿತ್ತಾ? ಆಟೋಲಿ ಬಂದು ಹೀರಿ ಹೋಗ್ತಿದ್ದೆ" ಎಂದರು. ಮಂಡಿ ಸವರಿಕೊಂಡು, "ತಪ್ಪು ನಂದೂ ಇದೆ ಶಾಸ್ತ್ರಿಗಳೇ. ಮೊದಲ ದಿನಾನೇ ಪೈಪು ನಿಮ್ಮ ಕೈಗೆ ಕೊಡಬೇಕಿತ್ತು" ಎಂದರು.

ಮಾರನೆಯ ಬೆಳಿಗ್ಗೆ ಕರಿಯಣ್ಣನನ್ನು ಹುಡುಕಿಕೊಂಡು ಹುಳಿಯಾರಿಗೆ ಹೋದೆ. ಅವನು ಯಾರದೋ ತೋಟದಲ್ಲಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ನಿಂತು ಕಾಯಿ ಸುಲಿಯುತ್ತಿದ್ದ. ಸ್ಟೀರಿಂಗ್ ಹಿಡಿದ ಕೈ, ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. ನಾನು ಹೇಳಿದ್ದನ್ನು ಕೆಲಸ ನಿಲ್ಲಿಸದೆಯೇ ಕೇಳಿದ.

"ನಂತಾವ್ ಬಂದು ಹೇಳುದ್ರೆ ಏನ್ ಬಂತು ಐನೋರೆ? ನಾನ್ ಕದ್ದಿಲ್ಲ ಅನ್ನೋದು ನಂಗ್ ಮೊದ್ಲೇ ಗೊತ್ತಲ್ಲ. ಎಲ್ ಹೇಳಿದ್ರೋ ಅಲ್ ಹೋಗ್ ಹೇಳಿ."

"ಹೇಳುತ್ತೇನೆ" ಎಂದು ಮಾತು ಕೊಟ್ಟು ಬಂದೆ.

ಗೌಡರ ಮನೆಯಲ್ಲಿ ಮುಂದಿನ ಪೂಜೆಯ ದಿನ ಅಂಗಳ ತುಂಬಿತ್ತು. ಸ್ತೋತ್ರ ಮುಗಿಸಿ ನಾನು ಎದ್ದು ನಿಂತೆ. "ಮನುಷ್ಯನ ಪರೀಕ್ಷೆಗೆ ಮಿತಿಯಿದೆ. ಹಿಂದೊಮ್ಮೆ ಈ ಅಂಗಳದಲ್ಲಿ ಆಡಿದ ನನ್ನ ಮಾತಿನಲ್ಲಿ ಪ್ರಮಾದವಿತ್ತು. ಭಗವಂತನು ಕ್ಷಮಿಸಲಿ" ಎಂದೆ. ಇದೇ ಬಗೆಯ ಇನ್ನಷ್ಟು ಮಾತುಗಳನ್ನು ಪೋಣಿಸಿದೆ. ಯಾರಿಗೂ ಏನೂ ತಿಳಿಯಲಿಲ್ಲ. ತಿಳಿದ ಗೌಡರು ತಲೆದೂಗಿದರು. ಹಿರಿಯರೊಬ್ಬರು ನನ್ನ ಕೈ ಹಿಡಿದು, "ಎಷ್ಟ್ ದೊಡ್ ಗುಣ ಸ್ವಾಮಿ ನಿಮ್ದು!" ಎಂದು ಕಣ್ಣೊರೆಸಿಕೊಂಡರು. ತಪ್ಪೊಪ್ಪಿಕೊಳ್ಳಲು ಹೋದವನು ಹೊಗಳಿಸಿಕೊಂಡು, ಕೋಸಂಬರಿ ತಿಂದು ಮನೆಗೆ ಬಂದೆ.

ವಾರದೊಳಗೆ ಕರಿಯಣ್ಣ ಗ್ಯಾರೇಜಿನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಏನೋ ಹೇಳುದ್ರಂತೆ?"

"ಹೇಳಿದೆನಪ್ಪ."

"ನನ್ ಹೆಸ್ರು ಹೇಳುದ್ರಾ?"

"ಇಲ್ಲಪ್ಪ" ಎಂದೆ.

"ಅವತ್ತೂ ಹೇಳ್ಲಿಲ್ಲ, ಇವತ್ತೂ ಹೇಳ್ಲಿಲ್ಲ. ಅವತ್ತು ಹೇಳ್ದಿದ್ರೂ ನಂದೇ ಅಂತ ಎಲ್ರಿಗೂ ಗೊತ್ತಾಯ್ತು. ಇವತ್ತು ಯಾಕ್ ಐನೋರೆ ಗೊತ್ತಾಗ್ಲಿಲ್ಲ?"

ಅಷ್ಟು ಹೇಳಿ ಹೊರಟುಹೋದ.

ಗೌಡರ ಅಂಗಳದಲ್ಲಿ ಮತ್ತೆ ಕಾಯಿ ಇಳಿಸುವ ದಿನವನ್ನು ವಿಚಾರಿಸಿ ತಿಳಿದುಕೊಂಡೆ. ಯಾರೂ ಕರೆಯದಿದ್ದರೂ ಹೋದೆ. ಹಿಂದೆ ಇದ್ದ ಜನವೇ ಹೆಚ್ಚಾಗಿ ಇದ್ದರು. ಗೌಡರು ಕಾಯಿ ಅಲ್ಲಾಡಿಸುತ್ತ ಕುಳಿತಿದ್ದರು. ನಾನು ಪಾಠಶಾಲೆಯ ಮಾತನ್ನು ಬಿಟ್ಟು ಆ ಅಂಗಳದ ಮಾತಿನಲ್ಲೇ ಹೇಳಿದೆ.

"ಕರಿಯಣ್ಣ ಡೀಸೆಲ್ ಕದ್ದಿಲ್ಲ ಕಣ್ರಪ್ಪ. ಗಾಡಿ ಕೆಟ್ಟಿತ್ತು. ನಾನು ಸರಿಯಾಗಿ ನೋಡ್ದೆ ಸುಳ್ಳು ಹೇಳ್ದೆ."

ಕೆಲಸ ನಿಂತಿತು. ಒಡೆದ ಕೊಬ್ಬರಿಯನ್ನು ಆರಿಸುತ್ತಿದ್ದ ಪುಟ್ಟಮ್ಮನೆಂಬ ಮುದುಕಿ ತಲೆಯೆತ್ತಿದಳು.

"ಹಂಗಾರೆ ಅವನು ಕಳ್ಳ ಅಲ್ವಾ?"

"ಅಲ್ಲ ಕಣಮ್ಮ."

"ಮತ್ ಯಾಕ್ ಸರ್ಯಾಗ್ ನೋಡ್ಲಿಲ್ಲ? ಕಣ್ ಕಾಣ್ತಿರ್ಲಿಲ್ವಾ?"

"ಒಂದು ಪೈಪನ್ನ ಬಾಯಿಗಿಟ್ಟು ಎಳೀಬೇಕಿತ್ತು. ಮೈಲಿಗೆ ಅಂತ ಎಳೀಲಿಲ್ಲ."

ಹಿಂದುಗಡೆ ಯಾರೋ ಕಿಸಕ್ಕನೆ ನಕ್ಕರು, ಆ ನಗು ಅಂಗಳಕ್ಕೆಲ್ಲ ಹಬ್ಬಿತು. "ಅಯ್ಯೋ ಶಿವನೇ, ಇಷ್ಟಕ್ಕಾ!" ಎಂದು ಪುಟ್ಟಮ್ಮ ಹಣೆ ಚಚ್ಚಿಕೊಂಡಳು. "ನಾವು ಒಂದ್ ಕಾಯಾದ್ರೂ ಅಲ್ಲಾಡಿಸ್ದೆ ಒಡೀತೀವೇನಪ್ಪ? ಮನುಸ್ಯನ್ನ ಹಂಗೇ ಒಡ್ದಾಕುದ್ರಲ್ಲ!"

ಗೌಡರು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟು, ಎದ್ದು ಒಳಗೆ ಹೋದರು. ಅಂದಿನಿಂದ ಆ ಮನೆಯ ಪೂಜೆಗೆ ನನಗೆ ಕರೆಯಿಲ್ಲ. ಅವರ ಗಾಡಿಯೂ ನಮ್ಮ ಗ್ಯಾರೇಜಿಗೆ ಬರಲಿಲ್ಲ. ಆ ನಗು ಮಾತ್ರ ನನಗಿಂತ ಮುಂಚೆ ತಿಪಟೂರನ್ನು ತಲುಪಿತು. ಸಂತೆಯಲ್ಲಿ ನನ್ನನ್ನು ಕಂಡವರು ಕೊಳವೆ ಹೀರುವಂತೆ ಕೆನ್ನೆ ಒಳಗೆಳೆದು ತೋರಿಸುತ್ತಿದ್ದರು. ನಗು ಹಬ್ಬಿದಲ್ಲೆಲ್ಲ ಕರಿಯಣ್ಣ ಕದ್ದಿರಲಿಲ್ಲವೆಂಬ ಮಾತೂ ಅದರ ಬೆನ್ನಿಗೇ ಹಬ್ಬಿತು. ಹಾಗಾಗಿ ನಾನು ಯಾರನ್ನೂ ತಡೆಯಲಿಲ್ಲ.

ನೀವು ಕಲಿಯುವ ಹೊತ್ತಿಗೆ ಎಲ್ಲವೂ ಬದಲಾಗಿದೆ. ವಾಲ್ವು ವಿದ್ಯುತ್ತಿನದು, ತಾನು ಎಷ್ಟು ತೆರೆದಿದ್ದೇನೆಂಬುದನ್ನು ತಾನೇ ತಿಳಿಸುತ್ತದೆ. ಸ್ಕ್ಯಾನರ್ ಹಚ್ಚಿದರೆ ಪರದೆಯ ಮೇಲೆ ದೋಷದ ಸಂಖ್ಯೆ ಮೂಡುತ್ತದೆ. ಬಾಯಿಗಿಡುವ ಪೈಪು ಇಲ್ಲ. ಆದರೆ ಪರದೆ ತೋರಿಸಿದ್ದನ್ನು ನಂಬಿ, ಬಿಸಿ ಎಂಜಿನ್ನಿನ ಹತ್ತಿರ ಬಾಗಲು ಬೇಸರಪಡುವವರನ್ನು ಈಗಲೂ ನೋಡುತ್ತೇನೆ. ನಿಮ್ಮ ಮೈಲಿಗೆ ಯಾವುದೆಂದು ನೀವೇ ಹುಡುಕಿಕೊಳ್ಳಬೇಕು. ನೀವು ಮುಟ್ಟದೆ ಬಿಟ್ಟ ಭಾಗದ ಲೆಕ್ಕವನ್ನು ಯಾರೋ ಒಬ್ಬ ಕರಿಯಣ್ಣ ತೆರುತ್ತಿರುತ್ತಾನೆ.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ, ನಾರಿನ ಕಾರ್ಖಾನೆಯೊಂದರ ಹಳೆಯ ಗಾಡಿ ಗ್ಯಾರೇಜಿನೊಳಗೆ ಬಂದು ನಿಂತಿತು. ಇಳಿದವನು ಕರಿಯಣ್ಣ. ಕೂದಲು ನರೆತಿತ್ತು. ಎಂಜಿನ್ ಆರಿಸಲಿಲ್ಲ. ತಾನೇ ಬಾನೆಟ್ ಎತ್ತಿ, ಪೈಪನ್ನು ಕಿತ್ತ. ಒಂದು ಸಲ ತಾನು ಹೀರಿ ನೋಡಿದ. ಅದನ್ನು ಒರೆಸದೆ, ಹಾಗೆಯೇ ನನ್ನ ಕಡೆಗೆ ಚಾಚಿದ.

"ತಗಳಿ ಐನೋರೆ. ನಂಗ್ ಸರ್ಯಾಗ್ ತಿಳೀಲಿಲ್ಲ, ನೀವ್ ನೋಡಿ."

ಅವನ ಕಣ್ಣುಗಳು ನನ್ನ ಮುಖದ ಮೇಲಿದ್ದವು. ನಾನು ಪೈಪನ್ನು ಬಾಯಿಗಿಟ್ಟು ಹೀರಿದೆ. ನಾಲಗೆ ಅಂಟಿತು.

"ಅಂಟ್ಕಂತಾ?"

ತಲೆಯಾಡಿಸಿ, ಬಿಟ್ಟೆ. ಟಕ್ಕೆಂದಿತು.

"ವಾಲ್ವು ಚೆನ್ನಾಗಿದೆ ಕರಿಯಣ್ಣ" ಎಂದೆ.

"ಹಂಗಾರೆ ಇನ್ನೆಲ್ಲೋ ಐತೆ, ಹುಡುಕಾನ ಬನ್ನಿ" ಎಂದು ಅವನು ತೋಳು ಮಡಿಚಿಕೊಂಡು ಎಂಜಿನ್ನಿನ ಮೇಲೆ ಬಾಗಿದ. ನಾನೂ ಅವನ ಪಕ್ಕದಲ್ಲಿ ಬಾಗಿದೆ.